ಮಂಡಕ್ಕಿ ಅಂಗಡಿಯವರು ನನ್ನ ತಮ್ಮನ ಹತ್ರ ದುಡ್ಡು ತಗೊಳ್ಳೋದಿಲ್ಲ. ಏನು ಮಾಡಲಿ?

ಹಳೇಪೇಟೆ ಅಕ್ಕ, ದಾವಣಗೆರೆ

ಪ್ರಶ್ನೆ ಕೇಳಿ ನಗಬೇಡಿ. ನನ್ನ ತಮ್ಮನಿಗೆ 23 ವರ್ಷ. ಡೌನ್ ಸಿಂಡ್ರೋಮ್ ಇದೆ. ಮಾತು ಸ್ವಲ್ಪ ತೊದಲು, ಓದು ಬರಹ ಕಮ್ಮಿ. ಆದರೆ ಮನೆಯಿಂದ ಮೂರು ತಿರುವು ದಾಟಿ ಮಂಡಕ್ಕಿ ಅಂಗಡಿಗೆ ಒಬ್ಬನೇ ಹೋಗಿ ಬರುತ್ತಾನೆ. ಇದಕ್ಕೆ ನಮಗೆ ಒಂದು ವರ್ಷ ಹಿಡಿಯಿತು. ಮೊದಲು ಅಮ್ಮ ಜೊತೆಗೆ ಹೋದರು, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ತಿರುವಿನಲ್ಲಿ ನಿಂತು ನೋಡಿದರು.

ದುಡ್ಡಿನ ಪಾಠ ಇನ್ನೂ ಕಷ್ಟ ಇತ್ತು. ಅವನು ನೋಟನ್ನು ಬಣ್ಣ ನೋಡಿ ಗುರುತಿಸುತ್ತಾನೆ. ಇಪ್ಪತ್ತು ಅಂದರೆ ಹಳದಿ-ಹಸಿರು, ಐವತ್ತು ಅಂದರೆ ನೀಲಿ. ಹಳೇ ಇಪ್ಪತ್ತರ ನೋಟು ಕೊಟ್ಟರೆ ಇವತ್ತಿಗೂ "ಇದು ಸುಳ್ಳು" ಅಂತ ವಾಪಸ್ ಕೊಡುತ್ತಾನೆ. ಒಂದು ಪ್ಲೇಟ್ ಮಂಡಕ್ಕಿ, ಎರಡು ಮೆಣಸಿನಕಾಯಿ, ಎರಡು ಹಳದಿ ನೋಟು. ಇಷ್ಟು ಕಲಿಸಲು ಆರು ತಿಂಗಳು.

ಈಗ ಸಮಸ್ಯೆ ಏನಂದ್ರೆ ಅಂಗಡಿಯವರು ದುಡ್ಡು ಮುಟ್ಟೋದೇ ಇಲ್ಲ. "ಬಿಡವ್ವಾ, ದೇವ್ರಂಥ ಹುಡುಗ, ಅವನ ಹತ್ರ ಏನ್ ರೊಕ್ಕ ಇಸ್ಕೊಳ್ಳೋದು" ಅಂತಾರೆ. ಒಳ್ಳೆ ಮನುಷ್ಯರು, ನಾನು ದೂರು ಹೇಳುತ್ತಿಲ್ಲ. ಆದರೆ ಇವನು ಎರಡು ನೋಟು ಮುಷ್ಟಿಯಲ್ಲಿ ಹಿಡ್ಕೊಂಡು ಅರ್ಧ ಗಂಟೆ ಅಲ್ಲೇ ನಿಂತಿರುತ್ತಾನೆ. ಮನೆಗೆ ಬಂದು ನೋಟನ್ನು ಮೇಜಿನ ಮೇಲೆ ಎಸೆದು ಮಾತಾಡದೇ ಮಲಗುತ್ತಾನೆ. ಬೇಜಾರು ಮಾಡದೇ ಅವರಿಗೆ ಹೇಗೆ ಹೇಳೋದು?

ಗಾಜಿನಮನೆ ವಾಕರ್

ಅಕ್ಕ, ಈ ಕಾಲದಲ್ಲಿ ಫ್ರೀ ಕೊಡೋರು ಸಿಕ್ಕಿದ್ದಾರಲ್ಲ, ಖುಷಿಪಡಿ. ಜನ ಇಂಥ ಮಕ್ಕಳನ್ನು ಬೈದು ಓಡಿಸುತ್ತಾರೆ. ನೀವು ಒಳ್ಳೇದರಲ್ಲೂ ತಪ್ಪು ಹುಡುಕ್ತಿದ್ದೀರಾ ಅನ್ನಿಸ್ತು. ಕ್ಷಮಿಸಿ.

ದುರ್ಗದ ಟೀಚರ್

@ಗಾಜಿನಮನೆ ವಾಕರ್ ನಿಮಗೆ 23 ವರ್ಷ ಇದ್ದಾಗ ದಿನಾ ಯಾರಾದರೂ ತಲೆ ಸವರಿ ಪುಕ್ಕಟೆ ತಿಂಡಿ ಕೊಟ್ಟಿದ್ದರೆ ಖುಷಿ ಆಗ್ತಿತ್ತಾ? ಒಂದು ದಿನ ಆಗ್ತಿತ್ತು. ನಾಲ್ಕನೇ ದಿನ ಅಂಗಡಿ ಬದಲಾಯಿಸ್ತಿದ್ರಿ.

ಗಾಜಿನಮನೆ ವಾಕರ್

ನನಗೆ ನಿಜವಾಗಲೂ ನಾಲ್ಕನೇ ದಿನಾನೂ ಖುಷಿ ಆಗ್ತಿತ್ತು 😄 ಆದರೆ ಪಾಯಿಂಟ್ ಅರ್ಥ ಆಯ್ತು.

ಕಿರಾಣಿ ಅಣ್ಣ, ಹರಿಹರ

ಅಂಗಡಿಯವನ ಕಡೆಯಿಂದ ಒಂದು ಮಾತು. ನಮ್ಮ ಅಂಗಡಿಗೂ ಇಂಥ ಒಬ್ಬ ಹುಡುಗಿ ಬರ್ತಾಳೆ. ಮೊದಮೊದಲು ನಾನೂ ದುಡ್ಡು ತಗೊಳ್ತಿರಲಿಲ್ಲ. ಕನಿಕರ ಒಂದು ಕಾರಣ. ಇನ್ನೊಂದು ಕಾರಣ ನಿಜ ಹೇಳ್ತೀನಿ: ಅಂಗಡಿ ರಶ್ ಇರುತ್ತೆ, ಅವಳು ನಿಧಾನಕ್ಕೆ ಎಣಿಸ್ತಾಳೆ, ಚಿಲ್ಲರೆ ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡ್ತಾಳೆ, ಹಿಂದೆ ಹತ್ತು ಜನ ಕಾಯ್ತಿರ್ತಾರೆ. ಫ್ರೀ ಕೊಟ್ಟು ಕಳಿಸೋದು ಸುಲಭ. ಅದನ್ನೇ ನಾವು ದಾನ ಅಂತ ಕರ್ಕೊಂಡ್ವಿ.

ಅವರಪ್ಪ ಒಂದು ದಿನ ಬಂದು, "ಅಣ್ಣಾ, ನೀನು ದುಡ್ಡು ತಗೊಂಡ್ರೆ ನನ್ನ ಮಗಳಿಗೆ ಲೆಕ್ಕ ಬರುತ್ತೆ, ತಗೊಳ್ಳದಿದ್ರೆ ಬರೋದಿಲ್ಲ" ಅಂದರು. ಅಷ್ಟೇ. ಈಗ ಅವಳು ಮಧ್ಯಾಹ್ನ ಮೂರು ಗಂಟೆಗೆ, ರಶ್ ಇಲ್ಲದಾಗ ಬರ್ತಾಳೆ. ಚಿಲ್ಲರೆ ನಾನು ಜೋರಾಗಿ ಎಣಿಸಿ ಕೊಡ್ತೀನಿ. ಹಳೇಪೇಟೆ ಅಕ್ಕ, ನೀವೂ ಹಾಗೇ ಹೇಳಿ. ಆದ್ರೆ ಎಲ್ಲರ ಮುಂದೆ ಹೇಳಬೇಡಿ, ಅಂಗಡಿ ಖಾಲಿ ಇದ್ದಾಗ ಹೇಳಿ.

ಹಳೇಪೇಟೆ ಅಕ್ಕ, ದಾವಣಗೆರೆ

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮವನು ಸಂಜೆ ಆರಕ್ಕೆ ಹೋಗ್ತಾನೆ. ಆಗಲೇ ಜಾತ್ರೆ ಥರ ಜನ. ಧನ್ಯವಾದ ಅಣ್ಣಾ.

ಮೆಣಸಿನಕಾಯಿ ಪ್ರೇಮಿ

ಒಂದು ಪ್ಲೇಟ್, ಎರಡು ಮೆಣಸಿನಕಾಯಿ ಸೇರಿ ನಲವತ್ತಾ? ಯಾವ ಅಂಗಡಿ ಅಕ್ಕ?

ದುರ್ಗದ ಟೀಚರ್

ಇವರಿಗೆ ಅದೇ ಚಿಂತೆ.

ಹೊಸ ಸದಸ್ಯ 77

ತಪ್ಪು ತಿಳ್ಕೋಬೇಡಿ, ಗೊತ್ತಿಲ್ಲದೇ ಕೇಳ್ತಿದ್ದೀನಿ. ಇದು ಸೋದರಮಾವನನ್ನ ಮದುವೆ ಆದರೆ ಬರುತ್ತೆ ಅಂತಾರಲ್ಲ? ನಮ್ಮ ಕಡೆ ಅಕ್ಕನ ಮಗಳನ್ನ ತರೋದು ಮಾಮೂಲಿ. ಇನ್ನು ಗ್ರಹಣದಲ್ಲಿ ಹೊರಗೆ ಬಂದರೂ ಆಗುತ್ತೆ ಅಂತ ಅಜ್ಜಿ ಹೇಳ್ತಿದ್ರು.

ಲ್ಯಾಬ್ ಕೋಟು

ಎರಡೂ ಅಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್ (ವಂಶದ ಗುಣ ಹೊತ್ತ ಎಳೆಗಳು), 23 ಜೋಡಿ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇದು ಎರಡರ ಬದಲು ಮೂರು ಇರುತ್ತೆ, ಒಟ್ಟು 47. ಅಂಡಾಣು ತಯಾರಾಗುವಾಗ ಜೋಡಿ ಬಿಡಿಸಿಕೊಳ್ಳದೇ ಎರಡೂ ಒಂದೇ ಕಡೆ ಹೋಗಿಬಿಡುತ್ತೆ. ಕೆಲವೊಮ್ಮೆ ವೀರ್ಯಾಣುವಿನಲ್ಲೂ ಹೀಗಾಗುತ್ತೆ. ಇದು ಆಕಸ್ಮಿಕ. ತಾಯಿ ಏನು ತಿಂದಳು, ಯಾರನ್ನು ಮದುವೆ ಆದಳು, ಗ್ರಹಣಕ್ಕೆ ಹೊರಗೆ ಬಂದಳಾ, ಯಾವುದಕ್ಕೂ ಸಂಬಂಧ ಇಲ್ಲ. ಹತ್ತಿರದ ಸಂಬಂಧದ ಮದುವೆಯಿಂದ ಬೇರೆ ಕೆಲವು ಕಾಯಿಲೆ ಜಾಸ್ತಿ ಆಗುತ್ತವೆ, ಅದು ನಿಜ. ಆದರೆ ಇದು ಆ ಪಟ್ಟಿಯಲ್ಲಿ ಇಲ್ಲ.

ತಾಯಿಯ ವಯಸ್ಸು ಜಾಸ್ತಿ ಆದಷ್ಟೂ ಸಾಧ್ಯತೆ ಜಾಸ್ತಿ ಅನ್ನೋದು ಸರಿ. 40ರ ಹೊತ್ತಿಗೆ ಸುಮಾರು ನೂರಕ್ಕೆ ಒಂದು. ಆದರೆ ಚಿಕ್ಕ ವಯಸ್ಸಿನ ತಾಯಂದಿರೇ ಹೆಚ್ಚು ಹೆರೋದರಿಂದ, ಲೆಕ್ಕ ಹಾಕಿದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರು 35ರ ಒಳಗಿನವರೇ.

ನೂರರಲ್ಲಿ ಮೂರ್ನಾಲ್ಕು ಜನರಲ್ಲಿ ಮಾತ್ರ ಟ್ರಾನ್ಸ್‌ಲೊಕೇಶನ್ ಅಂತ ಬೇರೆ ಬಗೆ ಇರುತ್ತೆ. 21ನೇದರ ತುಂಡು ಇನ್ನೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತೆ. ಅದು ಕೆಲವೊಮ್ಮೆ ಅಪ್ಪ ಅಥವಾ ಅಮ್ಮನಿಂದ ಬಂದಿರಬಹುದು. ಅದಕ್ಕೇ ಕ್ಯಾರಿಯೋಟೈಪ್ (ಕ್ರೋಮೋಸೋಮ್ ಎಣಿಸಿ ನೋಡುವ) ಪರೀಕ್ಷೆ ಮಾಡಿಸಿ ಅನ್ನೋದು. ಮುಖ ನೋಡಿ ಹೇಳಿ ಬಿಟ್ಟುಬಿಡಬಾರದು.

ಹೊಸ ಸದಸ್ಯ 77

ಥ್ಯಾಂಕ್ಸ್ ಸರ್. ನಮ್ಮ ಅತ್ತಿಗೆಯನ್ನ ಹದಿನೈದು ವರ್ಷದಿಂದ ಎಲ್ಲರೂ ಇದೇ ವಿಷಯಕ್ಕೆ ಚುಚ್ಚಿದ್ದಾರೆ. ಈ ರಿಪ್ಲೈ ಅಮ್ಮನಿಗೆ ಓದಿ ಹೇಳ್ತೀನಿ.

ಲ್ಯಾಬ್ ಕೋಟು

ಸರ್ ಅಲ್ಲ, ಮೇಡಂ 🙂

ಚಳ್ಳಕೆರೆ ಎಣ್ಣೆಗಾಣ

ಈ ವಿಷಯ ಓದಿ ಸುಮ್ನಿರೋಕಾಗಲಿಲ್ಲ. ನಮ್ಮ ಮಗಳು ಹುಟ್ಟಿದಾಗ ಒಂದು ಆಸ್ಪತ್ರೆಯಲ್ಲಿ "ಇದು ಮಂಗೋಲ್ ಬೇಬಿ, ಜಾಸ್ತಿ ಖರ್ಚು ಮಾಡಬೇಡಿ" ಅಂದರು. ಅಷ್ಟೇ ಮಾತು. ಹಾರ್ಟ್ ನೋಡಿಸಿ ಅಂತ ಯಾರೂ ಹೇಳಲಿಲ್ಲ. ಹಾಲು ಕುಡಿಯುವಾಗ ಬೆವರುತ್ತಿದ್ದಳು. ಹಣೆ ಮೇಲೆ ಹನಿ ಹನಿ. ಐದು ನಿಮಿಷ ಕುಡಿದು ಸುಸ್ತಾಗಿ ಬಿಟ್ಟುಬಿಡ್ತಿದ್ದಳು. ಸೆಕೆಗೆ ಅಂದ್ಕೊಂಡು ನಮ್ಮವ್ವ ಬೀಸಣಿಗೆ ಬೀಸ್ತಾ ಕೂರ್ತಿದ್ದಳು.

ಐದನೇ ತಿಂಗಳಿಗೆ ಅಂಗನವಾಡಿಗೆ ಬಂದ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡದ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಒಂದು ನಿಮಿಷ ಸುಮ್ಮನಾದರು. ಅಲ್ಲಿಂದ ಎಕೋ (ಹೃದಯದ ಸ್ಕ್ಯಾನ್), ಅಲ್ಲಿಂದ ಬೆಂಗಳೂರು, ಆಪರೇಷನ್. ಈಗ ಒಂಬತ್ತು ವರ್ಷ. ಮನೆಯಲ್ಲಿ ಟಿವಿ ರಿಮೋಟ್ ಅವಳ ಕೈಯಲ್ಲೇ.

ಬಾಣಂತಿ ಮನೆಯವರು ಯಾರಾದ್ರೂ ಓದ್ತಿದ್ದರೆ: ಮಗು ಚೆನ್ನಾಗಿ ಕಂಡರೂ ಎಕೋ ಮಾಡಿಸಿ.

ಲ್ಯಾಬ್ ಕೋಟು

ಪ್ರತಿ ಅಕ್ಷರ ನಿಜ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತೆ. ಸ್ಟೆತಸ್ಕೋಪಿನಲ್ಲಿ ಬೇರೆ ಶಬ್ದ ಕೇಳಿಸದೇ ಇದ್ದರೂ ಇರಬಹುದು. ಬೇಗ ಗೊತ್ತಾದರೆ ಸರಿ ಮಾಡಬಹುದು, ತಡ ಆದರೆ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು ಆಪರೇಷನ್ ಮಾಡೋಕೇ ಆಗದ ಸ್ಥಿತಿ ಬರುತ್ತೆ.

ಜೋಗಿಮಟ್ಟಿ ಗಾಳಿ

"ಮಂಗೋಲ್" ಪದದ ಬಗ್ಗೆ: 1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ಅನ್ನೋ ಇಂಗ್ಲೆಂಡಿನ ವೈದ್ಯ ಈ ಲಕ್ಷಣಗಳನ್ನು ವಿವರಿಸಿ, ಮುಖ ನೋಡಿ ಆ ಹೆಸರಿಟ್ಟ. ಕ್ರೋಮೋಸೋಮಿನ ಕಾರಣ ತಿಳಿದದ್ದು 1959ರಲ್ಲಿ, ಫ್ರಾನ್ಸಿನಲ್ಲಿ. ಮಂಗೋಲಿಯಾ ದೇಶದವರೇ ಬೇಡ ಅಂದ ಮೇಲೆ 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದ ಬಿಟ್ಟಿತು. ಅರವತ್ತು ವರ್ಷ ಆಯ್ತು. ನಮ್ಮ ಕೆಲವು ಡಾಕ್ಟರ್‌ಗಳಿಗೆ ಇನ್ನೂ ಪತ್ರ ತಲುಪಿಲ್ಲ ಅನ್ಸುತ್ತೆ.

ಅಂದಹಾಗೆ "ಡೌನ್" ಅಂದರೆ ಕೆಳಗೆ ಅಂತ ಅಲ್ಲ. ಅದು ಆ ವೈದ್ಯನ ಹೆಸರು. ನಮ್ಮ ಆಫೀಸಿನಲ್ಲೇ ಒಬ್ಬರು "ಐಕ್ಯೂ ಡೌನ್ ಇರುತ್ತಲ್ಲ, ಅದಕ್ಕೆ" ಅಂತ ವಿವರಣೆ ಕೊಟ್ಟಿದ್ದರು.

ಬೆಣ್ಣೆದೋಸೆ ಬಸಣ್ಣ

ಪದಗಳ ಜಗಳದಲ್ಲಿ ಏನು ಸಿಗುತ್ತೆ? ಬುದ್ಧಿಮಾಂದ್ಯ ಅಂದ್ರು, ವಿಕಲಚೇತನ ಅಂದ್ರು, ವಿಶೇಷಚೇತನ ಅಂದ್ರು, ದೇವರ ಮಕ್ಕಳು ಅಂದ್ರು. ಹೆಸರು ಬದಲಾಯ್ತು, ಬಸ್ಸಿನಲ್ಲಿ ಸೀಟು ಸಿಕ್ತಾ?

ದುರ್ಗದ ಟೀಚರ್

"ದೇವರ ಮಕ್ಕಳು" ಅಂದ್ರೆ ನನಗೆ ಮೈ ಉರಿಯುತ್ತೆ. ಹಾಗೆ ಕರೆದವರೇ ಹುಟ್ಟುಹಬ್ಬಕ್ಕೆ ಎಲ್ಲ ಮಕ್ಕಳನ್ನ ಕರೆದು ಇವರನ್ನ ಬಿಡ್ತಾರೆ. ದೇವರನ್ನ ಕೇಕ್ ಕಟ್ ಮಾಡೋಕೆ ಕರೆಯಲ್ವಲ್ಲ.

ಹಳೇಪೇಟೆ ಅಕ್ಕ, ದಾವಣಗೆರೆ

ನಮ್ಮಮ್ಮನೂ ದೇವರ ಮಗು ಅಂತಲೇ ಕರೆಯೋದು. ಅವರ ಬಾಯಲ್ಲಿ ಅದು ಬೇರೆ. ಅಮ್ಮನಿಗೆ ಆ ಪದವೇ ಧೈರ್ಯ ಕೊಟ್ಟಿತ್ತು ಅನ್ಸುತ್ತೆ, ಆಗ ಬೇರೇನೂ ಇರಲಿಲ್ಲ. ಆದರೆ ಬೇರೆಯವರು ಅಂದಾಗ ನನಗೂ ಟೀಚರ್ ಥರಾನೇ.

ನಾಲ್ಕು ತಿಂಗಳ ಅಪ್ಪ

ನಮಸ್ಕಾರ. ಎರಡು ದಿನದಿಂದ ಈ ಚರ್ಚೆ ಓದ್ತಿದ್ದೀನಿ, ಬರೆಯೋಕೆ ಧೈರ್ಯ ಬರಲಿಲ್ಲ. ನಮ್ಮ ಮಗನಿಗೆ ನಾಲ್ಕು ತಿಂಗಳು. ರಿಪೋರ್ಟ್ ಕಳೆದ ವಾರ ಬಂತು, ಟ್ರೈಸೋಮಿ 21, ಅಂದರೆ ಡೌನ್ ಸಿಂಡ್ರೋಮ್. ಜಗಳೂರು ಹತ್ತಿರದ ಹಳ್ಳಿ ನಮ್ಮದು. ನನ್ನ ಹೆಂಡತಿ ಮಾತೇ ಆಡ್ತಿಲ್ಲ. ಮನೆಯಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಿ, ಮಾತು ಬರುತ್ತೆ ಅಂತಿದ್ದಾರೆ. ಮಗು ಹತ್ತಿ ಮೂಟೆ ಥರ ಮೆತ್ತಗೆ, ಕುತ್ತಿಗೆ ನಿಲ್ಲುತ್ತಿಲ್ಲ. ಮೊದಲು ಏನು ಮಾಡಬೇಕು?

ಚಳ್ಳಕೆರೆ ಎಣ್ಣೆಗಾಣ

ಅಣ್ಣಾ, ಮೊದಲು ಮಗನನ್ನ ಎತ್ಕೊಂಡು ಮುದ್ದು ಮಾಡು. ಉಳಿದದ್ದು ಇವರೆಲ್ಲ ಹೇಳ್ತಾರೆ.

ಲ್ಯಾಬ್ ಕೋಟು

ಎಕೋ ಆಗಿದೆಯಾ? ಆಗಿಲ್ಲ ಅಂದರೆ ಈ ವಾರವೇ. ಆಮೇಲೆ ಥೈರಾಯ್ಡ್ ರಕ್ತಪರೀಕ್ಷೆ, ಕಿವಿ, ಕಣ್ಣು. ಥೈರಾಯ್ಡನ್ನ ವರ್ಷಕ್ಕೊಮ್ಮೆ ನೋಡಿಸ್ತಾ ಇರಬೇಕು. ಮಂಕಾಗಿದ್ದಾನೆ, ಸೋಮಾರಿ ಅಂತ ಬೈಸಿಕೊಂಡ ಎಷ್ಟೋ ಮಕ್ಕಳಿಗೆ ಇದ್ದದ್ದು ಥೈರಾಯ್ಡ್ ಕೊರತೆ, ದಿನಕ್ಕೊಂದು ಮಾತ್ರೆಯಲ್ಲಿ ಸರಿಹೋಗುವಂಥದ್ದು. ಕಿವಿಯೂ ಹಾಗೇ. ಕಿವಿಯೊಳಗೆ ನೀರು ತುಂಬಿ ಸರಿಯಾಗಿ ಕೇಳಿಸದಿದ್ದರೆ ಮಾತು ಹೇಗೆ ಬರಬೇಕು? ಎಲ್ಲರೂ ನಾಲಿಗೆ ನೋಡ್ತಾರೆ, ಕಿವಿ ನೋಡಲ್ಲ.

ಮೆತ್ತಗಿರೋದು ಸ್ನಾಯು ಬಿಗಿ ಕಮ್ಮಿ ಇರೋದರಿಂದ. ಕುತ್ತಿಗೆ ನಿಲ್ಲುತ್ತೆ, ಕೂರ್ತಾನೆ, ನಡೀತಾನೆ. ತಡ ಆಗುತ್ತೆ ಅಷ್ಟೇ. ಫಿಸಿಯೋಥೆರಪಿ ಬೇಗ ಶುರು ಮಾಡಿ. ಬಜೆಯಿಂದ ಮಾತು ಬರಲ್ಲ. ಇಷ್ಟು ಚಿಕ್ಕ ಮಗುವಿನ ಬಾಯಿಗೆ ಹಾಕಲೇಬೇಡಿ.

ವಿಆರ್‌ಡಬ್ಲ್ಯೂ ಮೇಡಂ

ಜಗಳೂರು ಅಣ್ಣ, ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ನನ್ನ ಹಾಗೆ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಕೇಳಿ. ತಾಲ್ಲೂಕಿಗೆ ಇದೇ ಕೆಲಸಕ್ಕೆ ಎಂಆರ್‌ಡಬ್ಲ್ಯೂ ಇರ್ತಾರೆ. ಅಂಗವಿಕಲರ ಕಾರ್ಡು, ಪಿಂಚಣಿ, ಬಸ್ ಪಾಸು, ಇವೆಲ್ಲದರ ಅರ್ಜಿ ಬರೆಸಿಕೊಡೋದು ನಮ್ಮ ಕೆಲಸ. ಯುಡಿಐಡಿ ಅನ್ನೋ ಆ ಅಂಗವಿಕಲರ ಕಾರ್ಡು, ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಮ್ಮಿ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಸವಲತ್ತು ಶುರು ಆಗೋದು 40ರಿಂದ. ಕಾರ್ಡ್ ಕಳ್ಕೊಂಡು ಬರಬೇಡಿ, ನನ್ನ ತಲೆ ತಿನ್ನಬೇಡಿ!

ಥೆರಪಿಗೆ ಬೆಂಗಳೂರಿಗೇ ಹೋಗಬೇಕು ಅಂತಿಲ್ಲ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ ಸಿಆರ್‌ಸಿ ಇದೆ, ಸಿಕಂದರಾಬಾದಿನ ಎನ್‌ಐಇಪಿಐಡಿ ಸಂಸ್ಥೆಯ ಅಡಿಯಲ್ಲಿ. ಫಿಸಿಯೋ, ಮಾತಿನ ತರಬೇತಿ, ವಿಶೇಷ ಶಿಕ್ಷಣ ಎಲ್ಲ ಒಂದೇ ಕಡೆ. ದುರ್ಗದಿಂದಲೂ ಜನ ಬರ್ತಾರೆ. ಇನ್ನು ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಮಾಡಿಸಿ, ವರ್ಷಕ್ಕೆ ಒಂದು ಲಕ್ಷದವರೆಗೆ. ಥೆರಪಿ ಖರ್ಚೂ ಅದರಲ್ಲಿ ಬರುತ್ತೆ.

ನಾಲ್ಕು ತಿಂಗಳ ಅಪ್ಪ

ಎಲ್ಲವನ್ನೂ ಬರ್ಕೊಂಡೆ. ಎಕೋ ಆಗಿಲ್ಲ. ನಾಳೆಯೇ ಹೋಗ್ತೀವಿ.

ಬೆಣ್ಣೆದೋಸೆ ಬಸಣ್ಣ

ಮೇಡಂ, ಬಸ್ ಪಾಸು ಅಂದ್ರಲ್ಲ. ನನ್ನ ಅಕ್ಕನ ಮಗನ ಪಾಸನ್ನ ಒಬ್ಬ ಕಂಡಕ್ಟರ್ ತಿರುಗಿಸಿ ನೋಡಿ, "ಕೈಕಾಲು ಸರಿ ಇದೆಯಲ್ಲೋ, ಯಾತಕ್ಕೆ ಪಾಸು" ಅಂದ. ಇಡೀ ಬಸ್ಸು ನಕ್ಕಿತು. ಅವನಿಗೆ ಅರ್ಥ ಆಗಲ್ಲ ಅಂದ್ಕೊಂಡಿದ್ರು. ಮನೆಗೆ ಬಂದು ಪಾಸನ್ನ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ. ಇನ್ನು ಬಸ್ ಬೇಡ ಅಂತ. ಅದಕ್ಕೇ ನಾನು ಮೇಲೆ ಆ ಸೀಟಿನ ಮಾತು ಹೇಳಿದ್ದು, ಪದಗಳ ಮೇಲೆ ಸಿಟ್ಟಲ್ಲ.

ಜೋಗಿಮಟ್ಟಿ ಗಾಳಿ

2016ರ ಅಂಗವಿಕಲರ ಹಕ್ಕು ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಬೇಕಂತಲೇ ಸಾರ್ವಜನಿಕವಾಗಿ ಅವಮಾನ ಮಾಡಿದರೆ ಆರು ತಿಂಗಳಿಗೆ ಕಮ್ಮಿ ಇಲ್ಲದ ಜೈಲು, ಐದು ವರ್ಷದವರೆಗೂ ಹೋಗಬಹುದು. ಆ ಬಸ್ಸಿನಲ್ಲಿ ಯಾರಾದ್ರೂ ಇಷ್ಟು ಹೇಳಿದ್ದರೆ ಸಾಕಿತ್ತು.

ಬೆಣ್ಣೆದೋಸೆ ಬಸಣ್ಣ

ಬಸ್ಸಿನಲ್ಲಿ ಸೆಕ್ಷನ್ ಹೇಳಿದ್ರೆ ನಮ್ಮನ್ನೇ ಕೆಳಗಿಳಿಸ್ತಿದ್ರು ಸ್ವಾಮಿ. ನಾನು ಅಳಿಯನ ಜೊತೆ ಮೂರು ವಾರ ಅದೇ ಬಸ್ಸಿಗೆ ಹೋದೆ. ನಾಲ್ಕನೇ ವಾರ ಆ ಕಂಡಕ್ಟರೇ "ಏನೋ ಸಾಹುಕಾರ, ಬಾ" ಅಂತ ಕರೆದ.

ಕುಂದುವಾಡ ಕೆರೆ ಏರಿ

ಮಾರ್ಚ್ 21 ಬರ್ತಿದೆಯಲ್ಲ, ವಿಶ್ವ ಡೌನ್ ಸಿಂಡ್ರೋಮ್ ದಿನ. ಮೂರನೇ ತಿಂಗಳು, ಇಪ್ಪತ್ತೊಂದು, ಅಂದರೆ 21ನೇದು ಮೂರು. 2012ರಿಂದ ವಿಶ್ವಸಂಸ್ಥೆಯೂ ಆಚರಿಸುತ್ತೆ. ನಾವು ಒಂದು ಜಾಥಾ ಮಾಡೋಣ ಅಂತಿದ್ದೀವಿ, ಎರಡು ಕಾಲಿಗೆ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕ್ಕೊಂಡು. ಯಾರ್ಯಾರು ಬರ್ತೀರಿ?

ದುರ್ಗದ ಟೀಚರ್

ಬರ್ತೀನಿ, ಒಂದು ಷರತ್ತು. ವೇದಿಕೆ ಮೇಲೆ ಆರು ಜನ ಗಣ್ಯರು, ಕೆಳಗೆ ಬಿಸಿಲಲ್ಲಿ ಮಕ್ಕಳು, ಕೊನೆಗೆ ಎರಡು ಬಾಳೆಹಣ್ಣು ಒಂದು ಫೋಟೋ, ಹೀಗಾದರೆ ಬರಲ್ಲ. ನೋಡಿ ನೋಡಿ ಸಾಕಾಗಿದೆ.

ಮೆಣಸಿನಕಾಯಿ ಪ್ರೇಮಿ

ಮಾರ್ಚಲ್ಲಿ ನಮ್ಮೂರ ಬಿಸಿಲಿಗೆ ಕಾಲುಚೀಲ? ಚಪ್ಪಲಿ ಹಾಕೋದೇ ಕಷ್ಟ.

ಕಿರಾಣಿ ಅಣ್ಣ, ಹರಿಹರ

ಜಾಥಾ ಬದಲು ಒಂದು ಕೆಲಸ ಮಾಡಿ. ಆ ಮಕ್ಕಳು, ದೊಡ್ಡವರು ಎಲ್ಲರೂ ಅವತ್ತು ಅಂಗಡಿಗೆ ಹೋಗಿ ಏನಾದ್ರೂ ಕೊಂಡ್ಕೊಳ್ಳಲಿ. ನೀವು ಮೊದಲೇ ಅಂಗಡಿಯವರಿಗೆ ಹೇಳಿಡಿ: ಫ್ರೀ ಕೊಡಬೇಡಿ, ಅವಸರ ಮಾಡಬೇಡಿ, ಅಪ್ಪ ಅಮ್ಮನ ಮುಖ ನೋಡದೇ ಅವರನ್ನೇ ಕೇಳಿ "ಏನು ಬೇಕು" ಅಂತ. ಮೈಕು, ಹಾರ, ಪೆಂಡಾಲು ಯಾವುದೂ ಬೇಡ.

ಕುಂದುವಾಡ ಕೆರೆ ಏರಿ

ಇದು ಚೆನ್ನಾಗಿದೆ. ಜಾಥಾನೂ ಇರಲಿ, ಸಂಜೆ ಇದೂ ಇರಲಿ. ಬ್ಯಾನರ್‌ಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರಲ್ಲ 😅

ಹೊಸ ಸದಸ್ಯ 77

ಇವರೆಲ್ಲ ಎಷ್ಟು ವರ್ಷ ಇರ್ತಾರೆ? ನಮ್ಮಲ್ಲಿ "ಇಪ್ಪತ್ತರ ಮೇಲೆ ಉಳಿಯಲ್ಲ" ಅಂತಾರೆ.

ಲ್ಯಾಬ್ ಕೋಟು

ಅದು ಹಳೇ ಕಾಲದ ಮಾತು, ಹಾರ್ಟ್ ಆಪರೇಷನ್ ಇಲ್ಲದ ಕಾಲದ್ದು. ಒಳ್ಳೆ ವೈದ್ಯಕೀಯ ಸೌಲಭ್ಯ ಇರೋ ದೇಶಗಳಲ್ಲಿ ಈಗ ಸರಾಸರಿ ಆಯಸ್ಸು ಅರವತ್ತರ ಹತ್ತಿರ. ಆದರೆ ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆ, ಅಲ್ಜೈಮರ್, ಇವರಲ್ಲಿ ಬೇಗ ಬರುತ್ತೆ. ಅದಕ್ಕೆ ಸಂಬಂಧಪಟ್ಟ ಒಂದು ಜೀನ್ 21ನೇ ಕ್ರೋಮೋಸೋಮ್ ಮೇಲೇ ಇದೆ. ಅಪ್ಪ ಅಮ್ಮಂದಿರು ಆ ದಿನಗಳಿಗೂ ತಯಾರಿ ಮಾಡ್ಕೋಬೇಕು.

ನಿವೃತ್ತ ಮಿಲ್ ಕ್ಲರ್ಕ್, ದಾವಣಗೆರೆ

ನನಗೆ 71. ಮಗನಿಗೆ 38. ಮೇಲಿನ ರಿಪ್ಲೈ ಓದಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತಿದ್ದೆ.

ನಮ್ಮ ಕಾಲದಲ್ಲಿ ಥೆರಪಿ ಇರಲಿಲ್ಲ. ಅವನಮ್ಮ ಬಟ್ಟೆ ಮಡಚೋದು ಕಲಿಸಿದಳು. ಈಗ ಬೀದಿಯಲ್ಲಿರೋ ಇಸ್ತ್ರಿ ಅಂಗಡಿಯಲ್ಲಿ ಕೂತು ಅಂಗಿ ಮಡಚುತ್ತಾನೆ. ಅಂಚಿಗೆ ಅಂಚು ಕೂಡಿಸಿ, ಕಾಲರ್ ಮೇಲೆ ಎರಡು ಸಲ ಅಂಗೈ ಒತ್ತಿ, ಆಮೇಲೇ ಪಕ್ಕಕ್ಕೆ ಇಡೋದು. ಅವಸರ ಮಾಡಿದ್ರೆ ಪೂರ್ತಿ ಬಿಚ್ಚಿ ಮತ್ತೆ ಶುರು ಮಾಡ್ತಾನೆ! ಶನಿವಾರ ಅವನ ಕೈಗೇ ಕೂಲಿ. ಕಳೆದ ಚುನಾವಣೆಯಲ್ಲಿ ವೋಟೂ ಹಾಕಿದ. ಮಸಿ ಹಚ್ಚಿದ ಬೆರಳನ್ನು ನಾಲ್ಕು ದಿನ ಮಡಚಲೇ ಇಲ್ಲ, ಊಟ ಮಾಡುವಾಗಲೂ ಎಡಗೈ ಎತ್ತಿ ಹಿಡಿದಿದ್ದ.

18 ವರ್ಷ ಆದ ಮೇಲೆ ಅಪ್ಪ ಅಮ್ಮ ತಾನಾಗೇ ಪಾಲಕರಾಗಿ ಮುಂದುವರಿಯಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಬ್ಯಾಂಕಿನಲ್ಲಿ, ಆಸ್ತಿಯಲ್ಲಿ ಸಿಕ್ಕಿಹಾಕಿಕೊಂಡಾಗ ಗೊತ್ತಾಗುತ್ತೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವದ ಪ್ರಮಾಣಪತ್ರ ತಗೋಬೇಕು. ನಾನು ತಗೊಂಡಿದ್ದೀನಿ. ನನ್ನ ನಂತರ ಯಾರು ಅನ್ನೋದು ಇನ್ನೂ ಮಗಳ ಹತ್ರ ಕೂತು ಮಾತಾಡಿಲ್ಲ. ಮಾತು ಬಾಯಿಗೆ ಬಂದು ವಾಪಸ್ ಹೋಗುತ್ತೆ.

ಹಳೇಪೇಟೆ ಅಕ್ಕ, ದಾವಣಗೆರೆ

ಅಪ್ಪಾಜಿ, ನಾನೂ ಒಬ್ಬ ಅಕ್ಕ. ನಮ್ಮಪ್ಪನೂ ನನ್ನ ಹತ್ರ ಈ ಮಾತು ಎತ್ತಿಲ್ಲ. ನಾನು ಕಾಯ್ತಿದ್ದೀನಿ, ಕೇಳಲಿ ಅಂತ. ನಿಮ್ಮ ಮಗಳೂ ಕಾಯ್ತಿರಬಹುದು.

ನಿವೃತ್ತ ಮಿಲ್ ಕ್ಲರ್ಕ್, ದಾವಣಗೆರೆ

ಯುಗಾದಿಗೆ ಬರ್ತಾಳೆ. ಕೇಳ್ತೀನಮ್ಮ.

ಗಾಜಿನಮನೆ ವಾಕರ್

ಅಕ್ಕ, ಕೊನೆಗೆ ಮಂಡಕ್ಕಿ ಕಥೆ ಏನಾಯ್ತು?

ಹಳೇಪೇಟೆ ಅಕ್ಕ, ದಾವಣಗೆರೆ

ಹೇಳೋಣ ಅಂತಲೇ ಬಂದೆ. ಮೊನ್ನೆ ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಹೋಗಿ ಕಿರಾಣಿ ಅಣ್ಣ ಹೇಳಿದ ಮಾತನ್ನೇ ಹೇಳಿದೆ. ಅವರು ಬಾಣಲೆ ಮುಂದೆ ಝಾರಿ ಹಿಡಿದು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ನನಗೆ ಪಾಪ ಬರುತ್ತೇನೋ ಅಂತ ಭಯ ಇತ್ತವ್ವಾ" ಅಂದರು. ಕೊನೆಗೆ ಒಪ್ಪಿದರು.

ನಿನ್ನೆ ಇವನು ನಾಲ್ಕು ಗಂಟೆಗೆ ಹೋದ. ನಾನು ತಿರುವಿನಲ್ಲಿ ನಿಂತಿದ್ದೆ. ಎರಡು ಹಳದಿ ನೋಟು ಕೊಟ್ಟ. ಅವರು ತಗೊಂಡು, ಎರಡು ಸಲ ಎಣಿಸಿ ಗಲ್ಲಾಕ್ಕೆ ಹಾಕಿದರು. ಇವನು ತಟ್ಟೆ ಹಿಡ್ಕೊಂಡು ಒಂದು ತುತ್ತು ತಿಂದ, ಮತ್ತೆ ಅಂಗಡಿ ಮುಂದೆ ಹೋಗಿ ನಿಂತ. ಏನೋ ಎಡವಟ್ಟಾಯ್ತು ಅಂತ ನಾನು ಓಡಿದೆ.

"ಈರುಳ್ಳಿ ಕಮ್ಮಿ" ಅಂತಿದ್ದ.

ಹತ್ತು ವರ್ಷದಿಂದ ಅಲ್ಲಿ ತಿಂತಿದ್ದಾನೆ. ಒಂದು ದಿನವೂ ಇವನು ಏನೂ ಕೇಳಿದ್ದಿಲ್ಲ. ಅಂಗಡಿಯವರು ನನ್ನ ಮುಖ ನೋಡಿದರು, ಇವನ ಮುಖ ನೋಡಿದರು, ಒಂದು ಹಿಡಿ ಈರುಳ್ಳಿ ಹಾಕಿ "ಸಾಕಾ ಯಜಮಾನ್ರೇ?" ಅಂದರು. ಇವನು ಇನ್ನೂ ಸ್ವಲ್ಪ ಅಂದ.

ಮೆಣಸಿನಕಾಯಿ ಪ್ರೇಮಿ

ಅಕ್ಕ, ಈಗಲಾದ್ರೂ ಅಂಗಡಿ ಯಾವುದು ಹೇಳಿ.